ಭಂಗಿಯ ತಳಿಗಳೂ ಗಂಡು ಗಿಡದ ಸಮಸ್ಯೆಯೂ

ಬೆಳೆಗಳ ಇತಿಹಾಸವನ್ನು ಬರೆಯುವವರು ಬೀಜದಿಂದ ಪ್ರಾರಂಭಿಸುವುದು ವಾಡಿಕೆ. ಬೀಜವನ್ನು ಮೊದಲು ಬಿತ್ತಿದವರು ಯಾರು, ಅದು ಯಾವ ವರ್ತಕರ ಕೈಯಲ್ಲಿ, ಯಾವ ಹಾದಿಯಿಂದ, ಯಾವ ದೇಶಕ್ಕೆ ಬಂದಿತು ಎಂಬಿವೇ ಅವರ ಮುಖ್ಯ ಪ್ರಶ್ನೆಗಳು. ಬತ್ತ, ಗೋಧಿ, ಹತ್ತಿಗಳ ವಿಷಯದಲ್ಲಿ ಈ ಕ್ರಮದಿಂದ ಬಹಳ ಮಟ್ಟಿಗೆ ಫಲವೂ ದೊರೆತಿದೆ. ಭಂಗಿಯ, ಎಂದರೆ ಗಾಂಜಾ ಗಿಡದ, ವಿಷಯದಲ್ಲಿ ಮಾತ್ರ ಇದು ಸಾಲದೆಂದು ನಮಗೆ ತೋರುತ್ತದೆ. ಮನುಷ್ಯನು ಈ ಗಿಡದ ತಳಿಗಳನ್ನು ತನಗೆ ಬೇಕಾದ ಗುಣಗಳಿಗೆ ತಕ್ಕಂತೆ ತಿದ್ದಿದ ಚರಿತ್ರೆಯು, ವಾಸ್ತವವಾಗಿ, ಅವನು ಗಂಡು ಗಿಡವನ್ನು ಏನು ಮಾಡಿದನೆಂಬುದರ ಚರಿತ್ರೆಯೇ ಆಗಿದೆ. ಈ ದೃಷ್ಟಿಯಿಂದ ನೋಡಿದಾಗ, ಭಂಗಿಯ ತಳಿವರ್ಧನೆಯು ೧೯೭೦ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ ವಿದ್ಯೆ ಎಂಬ, ಈಗ ಬಹು ಪ್ರಚಾರದಲ್ಲಿರುವ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಗುತ್ತದೆ. ಅದನ್ನು ಇಲ್ಲಿ ಸಂಗ್ರಹವಾಗಿ ವಿಚಾರಿಸಲು ಹೊರಟಿದ್ದೇವೆ.

ಮೊದಲು ಹೆಸರಿನ ತೊಡಕೊಂದನ್ನು ಬಿಡಿಸಿಕೊಳ್ಳಬೇಕು. ನಮ್ಮಲ್ಲಿ ಸೆಣಬು ಎಂಬ ಮಾತು ನಾಲ್ಕೈದು ಬಗೆಯ ನಾರುಗಳಿಗೆ ಸಲ್ಲುತ್ತದೆ. ಗೋಣಿಚೀಲದ ಬಂಗಾಳದ ನಾರೂ ಸೆಣಬೇ. ಹೊಲದಲ್ಲಿ ಹಸಿರು ಗೊಬ್ಬರಕ್ಕೆ ಬಿತ್ತುವ ಹಳದಿ ಹೂವಿನ ಗಿಡವೂ ಸೆಣಬೇ. ಯೂರೋಪಿನ ಹಡಗುಗಳ ಹಗ್ಗಕ್ಕೂ ಹಾಯಿಗೂ ಒದಗುತ್ತಿದ್ದ ನಾರನ್ನೂ ನಮ್ಮ ಭಾಷಾಂತರಕಾರರು ಸೆಣಬೆಂದೇ ಕರೆದಿದ್ದಾರೆ. ಈ ಮೂರನೆಯದು ಭಂಗಿಯ ನಾರು. ಮೊದಲೆರಡಕ್ಕೂ ಇದಕ್ಕೂ ಸಸ್ಯಶಾಸ್ತ್ರದ ಪ್ರಕಾರ ಯಾವ ನಂಟೂ ಇಲ್ಲ. ಉತ್ತರ ಕರ್ನಾಟಕದಲ್ಲಿ ಪಲ್ಯಕ್ಕೆ ಬಳಸುವ ಪುಂಡಿಯ ಶಾಸ್ತ್ರೀಯ ನಾಮದಲ್ಲಿ ‘ಕನ್ನಾಬಿನಸ್’ ಎಂಬ ಮಾತು ಸೇರಿರುವುದು ಅದರ ಎಲೆಯು ಭಂಗಿಯ ಎಲೆಯನ್ನು ಹೋಲುವ ಕಾರಣಕ್ಕೆ ಮಾತ್ರ. ನಾರಿಗಾಗಿ ಬೆಳೆಯುವ ಗಿಡವೂ ಅಮಲಿಗಾಗಿ ಬೆಳೆಯುವ ಗಿಡವೂ ಒಂದೇ ಜಾತಿಯವೆಂಬುದನ್ನು ಓದುಗರು ನೆನಪಿನಲ್ಲಿಟ್ಟರೆ ಸಾಕು. ಲಿನೇಯಸನು ೧೭೫೩ರಲ್ಲಿ ಯೂರೋಪಿನ ಗಿಡಕ್ಕೆ ‘ಕನ್ನಾಬಿಸ್ ಸಟೀವ’ ಎಂದು ಹೆಸರಿಟ್ಟನು. ಭಾರತದಿಂದ ಒಯ್ದ ಮಾದರಿಗಳನ್ನು ನೋಡಿ ಲಾಮಾರ್ಕನು ೧೭೮೫ರಲ್ಲಿ ‘ಇಂಡಿಕ’ ಎಂಬ ಬೇರೆ ಜಾತಿಯನ್ನೇ ಕಲ್ಪಿಸಿದನು. ಇವೆರಡೂ ಯಾವ ಅಡ್ಡಿಯೂ ಇಲ್ಲದೆ ಒಂದರೊಡನೊಂದು ಕೂಡಿ ಬೀಜ ಕಟ್ಟುತ್ತವೆಯಾದ್ದರಿಂದ, ಇವು ಒಂದೇ ಜಾತಿಯ ಒಳಭೇದಗಳೆಂಬುದೇ ಇಂದು ಹೆಚ್ಚಿನ ವಿದ್ವಾಂಸರ ಮತ.

ಈ ಗಿಡದ ವಿಶೇಷವಿರುವುದು ಅದರ ಲಿಂಗಭೇದದಲ್ಲಿ. ಗಂಡು ಹೂವು ಒಂದು ಗಿಡದಲ್ಲಿ, ಹೆಣ್ಣು ಹೂವು ಇನ್ನೊಂದರಲ್ಲಿ. ಪರಂಗಿಯ ತೋಟ ಮಾಡಿದವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಆದರೆ ಭಂಗಿಯ ಪರಾಗವು ಗಾಳಿಯಲ್ಲಿ ಮೈಲಿಗಟ್ಟಲೆ ತೇಲಿಹೋಗಬಲ್ಲುದು. ಎಂತಲೇ ರೈತನು ಉತ್ತಮವಾದ ಹೆಣ್ಣು ಗಿಡವನ್ನು ಆರಿಸಿ ಅದರ ಬೀಜವನ್ನು ಜೋಪಾನವಾಗಿ ಕಟ್ಟಿಟ್ಟರೂ, ಆ ಬೀಜದ ಅರ್ಧ ಪಿತ್ರಾರ್ಜಿತವು ಯಾವ ಹೊಲದ ಯಾವ ಗಿಡದಿಂದ ಬಂದಿತೆಂಬುದು ಅವನಿಗೆ ತಿಳಿಯದು. ಬತ್ತದ ರೈತನಿಗೆ ಈ ತೊಂದರೆಯಿಲ್ಲ. ಬತ್ತವು ತನ್ನ ಹೂವಿನಲ್ಲಿ ತಾನೇ ಫಲಿಸುವ ಬೆಳೆ. ಭಂಗಿಯಲ್ಲಿ ಗಂಡಿನ ಮೇಲೆ ಹತೋಟಿಯಿಲ್ಲದೆ ಯಾವ ಗುಣವನ್ನೂ ನಿಲ್ಲಿಸುವುದು ಸಾಧ್ಯವಿಲ್ಲ.

ಗಿಡದ ಪ್ರಾಚೀನತೆಯನ್ನು ಕುರಿತು ಹೆಚ್ಚು ಹೇಳುವ ಅವಶ್ಯಕತೆಯಿಲ್ಲ. ಅಥರ್ವವೇದದಲ್ಲಿ ಭಂಗದ ಹೆಸರಿದೆ. ಭಂಗವನ್ನು ಬೆಳೆಯುವ ಹೊಲಕ್ಕೆ ಯಾವ ಪ್ರತ್ಯಯ ಸೇರಿಸಿ ಹೆಸರು ಹೇಳಬೇಕೆಂಬುದಕ್ಕೆ ಪಾಣಿನಿಯು ಸೂತ್ರವನ್ನೇ ಮಾಡಿದ್ದಾನೆ. ಅಲ್ಲಿ ಅದು ಎಳ್ಳು ಉದ್ದುಗಳ ಪಂಕ್ತಿಯಲ್ಲಿ ಕುಳಿತಿದೆ. ವೈಯಾಕರಣನ ಕಾಲಕ್ಕೆ ಇದು ಕಾಡು ಗಿಡವಾಗಿರದೆ ಹೊಲದ ಬೆಳೆಯಾಗಿದ್ದಿತೆಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇಕಿಲ್ಲ. ೨೦೨೧ರಲ್ಲಿ ಪ್ರಕಟವಾದ, ೧೧೦ ಮಾದರಿಗಳ ವಂಶವಾಹಿಗಳನ್ನು ಹೋಲಿಸಿದ ಒಂದು ಸಂಶೋಧನೆಯು, ಈ ಗಿಡವನ್ನು ಮನುಷ್ಯನು ಸುಮಾರು ೧೨,೦೦೦ ವರ್ಷಗಳ ಹಿಂದೆ ಪೂರ್ವ ಏಷ್ಯದಲ್ಲಿ ಪಳಗಿಸಿದನೆಂದೂ, ನಾರಿನ ತಳಿಗಳೂ ಅಮಲಿನ ತಳಿಗಳೂ ಕವಲೊಡೆದುದು ಸುಮಾರು ೪,೦೦೦ ವರ್ಷಗಳಿಂದೀಚೆಗೆಂದೂ ನಿರ್ಣಯಿಸಿದೆ. ಪಾಮಿರ್ ಪರ್ವತಗಳ ಜಿರ್ಜಂಕಾಲ್ ಸ್ಮಶಾನದಲ್ಲಿ ದೊರೆತ ೨,೫೦೦ ವರ್ಷಗಳಷ್ಟು ಹಳೆಯ ಮರದ ಅಗ್ಗಿಷ್ಟಿಕೆಗಳಲ್ಲಿ ಅಮಲಿನ ಅಂಶ ಹೆಚ್ಚಾಗಿದ್ದ ಭಂಗಿಯ ಹೊಗೆಯ ಶೇಷವನ್ನು ೨೦೧೯ರಲ್ಲಿ ಗುರುತಿಸಲಾಯಿತು. ಸಿಥಿಯನ್ನರು ಡೇರೆಯೊಳಗೆ ಇದರ ಬೀಜವನ್ನು ಕಾದ ಕಲ್ಲುಗಳ ಮೇಲೆ ಹಾಕಿ ಹೊಗೆಯಲ್ಲಿ ಮೈಮರೆಯುತ್ತಿದ್ದರೆಂದು ಹೆರೊಡೋಟಸನು ಬರೆದುದನ್ನು ಹಿಂದಿನವರು ಕಟ್ಟುಕತೆಯೆಂದು ತಳ್ಳಿಹಾಕಿದ್ದುಂಟು. ಇನ್ನು ಮುಂದೆ ಹಾಗೆ ಮಾಡುವುದು ಕಷ್ಟ.

ಗಂಡು ಗಿಡದ ಪ್ರಶ್ನೆಯನ್ನು ಸ್ಪಷ್ಟವಾಗಿ ಎತ್ತಿದ ಪ್ರಾಚೀನ ಗ್ರಂಥವು ಚೀನದ್ದು. ಕ್ರಿ. ಶ. ಆರನೆಯ ಶತಮಾನದ ಜಿಯಾ ಸಿಶಿಯೆ ಎಂಬಾತನು ತನ್ನ ಕೃಷಿಗ್ರಂಥದಲ್ಲಿ, ಬೀಜಕ್ಕಾಗಿ ಬೆಳೆದ ಹೊಲದಲ್ಲಿ ಗಂಡು ಗಿಡಗಳು ಧೂಳನ್ನು ಉದುರಿಸಿದ ಮೇಲೆಯೇ ಅವನ್ನು ಕೀಳಬೇಕೆಂದೂ, ಅದಕ್ಕೆ ಮೊದಲೇ ಕಿತ್ತರೆ ಬೀಜ ಕಟ್ಟುವುದಿಲ್ಲವೆಂದೂ ತಿಳಿಸಿದ್ದಾನೆ. ಯೂರೋಪಿನಲ್ಲಿ ಸಸ್ಯಗಳಿಗೂ ಗಂಡು ಹೆಣ್ಣೆಂಬುದುಂಟು ಎಂಬ ತತ್ತ್ವವನ್ನು ಪ್ರಯೋಗದಿಂದ ಸ್ಥಾಪಿಸಿದ ಟ್ಯೂಬಿಂಗೆನ್ನಿನ ಕಮೆರಾರಿಯಸನ ಪತ್ರವು ಹೊರಬಂದುದು ೧೬೯೪ರಲ್ಲಿ, ಎಂದರೆ ಸಾವಿರಕ್ಕೂ ಹೆಚ್ಚು ವರ್ಷಗಳ ಅನಂತರ. ಕಮೆರಾರಿಯಸನ ಪ್ರಯೋಗಗಳಲ್ಲಿ ಭಂಗಿಯೂ ಒಂದು. ಇತರ ಗಿಡಗಳು ಅವನ ಸಿದ್ಧಾಂತಕ್ಕೆ ಅನುಕೂಲವಾಗಿಯೇ ನಡೆದುಕೊಂಡವು. ಭಂಗಿ ಮಾತ್ರ ಮಾತು ಕೇಳಲಿಲ್ಲ. ಗಂಡಿನಿಂದ ಬೇರ್ಪಡಿಸಿ ಬೆಳೆಸಿದ ಹೆಣ್ಣು ಗಿಡಗಳಲ್ಲಿಯೂ ಕೆಲವು ಬೀಜಗಳು ಕಂಡುಬಂದು ಅವನನ್ನು ಬಹಳ ಪೇಚಿಗೆ ಸಿಕ್ಕಿಸಿದವು. ಹೆಣ್ಣು ಗಿಡವು ಕೆಲವೊಮ್ಮೆ ತನ್ನ ಕೊಂಬೆಯಲ್ಲಿಯೇ ಒಂದೆರಡು ಗಂಡು ಹೂಗಳನ್ನು ಬಿಡುವುದುಂಟೆಂಬುದು ಈಗ ತಿಳಿದ ವಿಷಯ. ಈ ಸಣ್ಣ ಸಂಗತಿಯು ಮುಂದೆ ನಮಗೆ ಎರಡು ಬಾರಿ ಪ್ರಯೋಜನಕ್ಕೆ ಬರುತ್ತದೆ.

ಈಗ ನಮ್ಮ ವಿಷಯದ ಮುಖ್ಯ ಘಟ್ಟವಾದ ಬಂಗಾಳಕ್ಕೆ ಬರೋಣ. ಈಗ ಬಾಂಗ್ಲಾದೇಶದಲ್ಲಿರುವ ನೌಗಾಂವ್‌ನ ಸುತ್ತ, ರಾಜಶಾಹಿ, ದಿನಾಜ್‌ಪುರ, ಬೊಗ್ರಾ ಜಿಲ್ಲೆಗಳು ಸಂಧಿಸುವ ಎಡೆಯಲ್ಲಿ, ‘ಗಾಂಜಾ ಮಹಲ್’ ಎಂದು ಹೆಸರಾದ ಒಂದು ಪ್ರದೇಶವಿದ್ದಿತು. ಬ್ರಿಟಿಷ್ ಸರಕಾರವು ಅಲ್ಲಿ ಮಾತ್ರ ಪರವಾನಗಿ ಪಡೆದ ರೈತರಿಗೆ ಗಾಂಜಾ ಬೆಳೆಯಲು ಅವಕಾಶ ಕೊಟ್ಟು, ಮಾಲನ್ನು ತನ್ನ ಉಗ್ರಾಣದಲ್ಲಿಡಿಸಿ, ತೂಕದ ಮೇಲೆ ಸುಂಕವನ್ನು ವಸೂಲು ಮಾಡುತ್ತಿದ್ದಿತು. ಈ ಬೇಸಾಯವನ್ನು ಕುರಿತು ಹೇಮಚಂದ್ರ ಕೆರ್ ಎಂಬ ಅಧಿಕಾರಿಯು ೧೮೭೭ರಲ್ಲಿ ಒಂದು ವರದಿಯನ್ನೂ, ಕಲ್ಕತ್ತೆಯ ರಾಜಕೀಯ ಸಸ್ಯೋದ್ಯಾನದ ಡೇವಿಡ್ ಪ್ರೇನ್ ೧೮೯೩ರಲ್ಲಿ ಮತ್ತೊಂದು ವರದಿಯನ್ನೂ ಬರೆದರು. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಎದ್ದ ಪ್ರಶ್ನೆಯೊಂದರ ಫಲವಾಗಿ, ಮ್ಯಾಕ್‌ವರ್ತ್ ಯಂಗ್ ಅವರ ಅಧ್ಯಕ್ಷತೆಯಲ್ಲಿ ಏಳು ಮಂದಿ ಸದಸ್ಯರ ಭಂಗಿ ಮಾದಕವಸ್ತುಗಳ ಆಯೋಗವು ನೇಮಕವಾಯಿತು. ಸದಸ್ಯರಲ್ಲಿ ಮೂವರು ಭಾರತೀಯರು. ೧,೧೯೩ ಸಾಕ್ಷಿಗಳ ಹೇಳಿಕೆಗಳನ್ನು ಪಡೆದು ಆಯೋಗವು ೧೮೯೪ರಲ್ಲಿ ಒಪ್ಪಿಸಿದ ಸಂಪುಟಗಳು ಈ ಗಿಡವನ್ನು ಕುರಿತು ಹತ್ತೊಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಬರವಣಿಗೆಯಲ್ಲೆಲ್ಲ ಹಿರಿದಾದುದು. ಗಾಂಜಾವನ್ನು ಪೂರ್ಣವಾಗಿ ನಿಷೇಧಿಸುವುದು ಅನಾವಶ್ಯಕವೆಂದು ಅದು ತೀರ್ಮಾನಿಸಿತೆಂಬುದನ್ನು ಎಲ್ಲರೂ ಉದಾಹರಿಸುತ್ತಾರೆ. ಬೇಸಾಯವನ್ನು ಕುರಿತ ಅಧ್ಯಾಯಗಳನ್ನು ಓದುವವರು ವಿರಳ.

ಆ ಅಧ್ಯಾಯಗಳಿಂದ ತಿಳಿದುಬರುವ ಕ್ರಮ ಹೀಗಿದೆ. ಆಗಸ್ಟ್ ವೇಳೆಗೆ ಸಸಿಮಡಿಯಲ್ಲಿ ಬೀಜ ಚೆಲ್ಲಿ, ಸೆಪ್ಟೆಂಬರಿನಲ್ಲಿ ಸಸಿಗಳನ್ನು ಹೊಲದ ಬದುಗಳ ಮೇಲೆ ನಾಟಿ ಮಾಡುತ್ತಿದ್ದರು. ಸೆಗಣಿ ಗೊಬ್ಬರವನ್ನೂ ಹಿಂಡಿಯನ್ನೂ ಹಾಕಿ, ಕೆಳಗಿನ ಕೊಂಬೆಗಳನ್ನು ಸವರುತ್ತಿದ್ದರು. ನವೆಂಬರಿನ ಸುಮಾರಿಗೆ ಗಿಡಗಳು ಮೊಗ್ಗೊಡೆಯುವ ಮುನ್ನ ರೈತರು ಒಬ್ಬ ಪರಿಣತನನ್ನು ಬರಮಾಡಿಕೊಳ್ಳುತ್ತಿದ್ದರು. ಅವನಿಗೆ ಪೊದ್ದಾರ್ ಅಥವಾ ಪರಖ್‌ದಾರ್ ಎಂದು ಹೆಸರು. ಪರೀಕ್ಷೆ ಮಾಡುವವನೆಂಬುದೇ ಎರಡನೆಯ ಮಾತಿನ ಅರ್ಥ. ಇಂಗ್ಲಿಷ್ ಅಧಿಕಾರಿಗಳು ಅವನನ್ನು ‘ಗಾಂಜಾ ಡಾಕ್ಟರ್’ ಎಂದು ಬರೆದಿದ್ದಾರೆ. ಅವನು ಸಾಲುಗಳ ನಡುವೆ ನಡೆಯುತ್ತ, ಹೂ ಬಿಡುವುದಕ್ಕೆ ಮೊದಲೇ ಗಂಡು ಗಿಡವನ್ನು ಗುರುತಿಸಿ ಅದರ ದಂಟನ್ನು ಮುರಿದು ಹೋಗುವನು. ಹಿಂದೆ ಬರುವ ರೈತನು ಅದನ್ನು ಕಿತ್ತೆಸೆಯುವನು. ಒಂದು ಸಲದ ತಪಾಸಣೆ ಸಾಲದೆ ಹೊಲಕ್ಕೆ ಮತ್ತೆ ಮತ್ತೆ ಬರಬೇಕಾಗುತ್ತಿದ್ದಿತು. ಕಣ್ಣು ತಪ್ಪಿ ಕೆಲವು ಗಂಡು ಗಿಡಗಳು ಉಳಿದರೂ ಇಡೀ ಹೊಲದ ಮಾಲು ಬೀಜ ಕಟ್ಟಿ ಬೆಲೆ ಕಳೆದುಕೊಳ್ಳುವುದು. ಪರಾಗ ತಾಗದ ಹೆಣ್ಣು ಗಿಡವಾದರೋ ಹೂವಿನ ಮೇಲೆ ಹೂವು ಬಿಡುತ್ತ, ಅಂಟು ಸೂಸುವ ಗೊಂಚಲುಗಳನ್ನು ಹೆಚ್ಚಿಸುತ್ತ ಹೋಗುತ್ತದೆ. ಜನವರಿ ಫೆಬ್ರವರಿಗಳಲ್ಲಿ ಕೊಯ್ಲು. ಅನಂತರ ಕಾಲಿನಿಂದ ತುಳಿದು ಚಪ್ಪಟೆ ಗಾಂಜಾವನ್ನೋ, ಉರುಳಿಸಿ ದುಂಡು ಗಾಂಜಾವನ್ನೋ ತಯಾರು ಮಾಡುತ್ತಿದ್ದರು. ಕಡ್ಡಿಯಿಂದ ಬಿಡಿಸಿದ್ದಕ್ಕೆ ಚೂರ್ ಎಂದು ಹೆಸರು. ಈ ಮೂರಕ್ಕೂ ಸುಂಕದ ದರಗಳು ಬೇರೆ ಬೇರೆ. ಕಡ್ಡಿಯಿಲ್ಲದ ಚೂರಿಗೆ ಹೆಚ್ಚಿನ ದರ. ಮಧ್ಯಪ್ರಾಂತ್ಯದ ಖಾಂಡ್ವಾ ಪ್ರದೇಶದಲ್ಲಿಯೂ ಗಂಡು ಗಿಡ ಕೀಳುವ ಪದ್ಧತಿ ಇದ್ದಿತು.

ಅಮೆರಿಕದವರು ೧೯೭೦ರ ದಶಕದಲ್ಲಿ ಮೆಕ್ಸಿಕೋದಿಂದ ಕಲಿತೆವೆಂದು ಹೇಳಿಕೊಳ್ಳುವ, ‘ಬೀಜವಿಲ್ಲದ್ದು’ ಎಂದು ಅರ್ಥ ಕೊಡುವ ಸ್ಪ್ಯಾನಿಷ್ ಹೆಸರಿನಿಂದ ‘ಸಿನ್‌ಸೆಮಿಲ್ಲಾ’ ಎಂದು ಕರೆದ ಪದ್ಧತಿಯು ಇದೇ. ಅದಕ್ಕೆ ನೂರು ವರ್ಷ ಮೊದಲೇ ರಾಜಶಾಹಿಯ ರೈತರು ಅದನ್ನು ಕೂಲಿ ಕೊಟ್ಟು ಮಾಡಿಸುವ ಒಂದು ಕಸುಬಾಗಿ ನಡೆಸುತ್ತಿದ್ದರೆಂಬುದಕ್ಕೆ ಸರಕಾರದ ಅಚ್ಚಿನ ದಾಖಲೆಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ, ೧೮೪೫ರಿಂದ ಮೊದಲುಗೊಂಡು, ಜಮೈಕಾ ದ್ವೀಪಕ್ಕೆ ಕೂಲಿಗಳಾಗಿ ಹೋದ ಭಾರತೀಯರೊಡನೆ ಗಾಂಜಾ ಎಂಬ ಮಾತೂ ಅಲ್ಲಿಗೆ ಹೋಗಿ ನೆಲಸಿತು. ಕ್ಯಾಲಿಫೋರ್ನಿಯದವರ ಕುಶಲತೆಯನ್ನು ನಾವು ಅಲ್ಲಗಳೆಯುವುದಿಲ್ಲ. ಪ್ರಾರಂಭದ ಕೀರ್ತಿಯನ್ನು ಅವರಿಗೆ ಕಟ್ಟುವುದನ್ನು ಮಾತ್ರ ಒಪ್ಪಲಾರೆವು.

ಇಲ್ಲಿ ನ್ಯಾಯವಾದ ಒಂದು ಆಕ್ಷೇಪಣೆ ಏಳುತ್ತದೆ. ಗಂಡನ್ನು ಕೀಳುವುದು ಬೇಸಾಯದ ಒಂದು ಉಪಾಯವೇ ಹೊರತು ತಳಿವರ್ಧನೆ ಹೇಗಾದೀತು? ತಳಿವರ್ಧಕನು ತಂದೆತಾಯಿಗಳನ್ನು ಆರಿಸುತ್ತಾನೆ. ಪೊದ್ದಾರನು ತಂದೆಯನ್ನೇ ಇಲ್ಲವಾಗಿಸುತ್ತಾನೆ. ಆದರೆ ಹೊಲದಲ್ಲಿ ಗಂಡೇ ಇಲ್ಲದಿದ್ದರೆ ಮರುವರ್ಷದ ಬೀಜ ಎಲ್ಲಿಂದ ಬರಬೇಕು? ಮಾಲನ್ನು ತುಳಿದು ತಯಾರಿಸುವ ಕಣದಲ್ಲಿ ಉದುರಿದ ಅಲ್ಪಸ್ವಲ್ಪ ಬೀಜವನ್ನೇ ರೈತರು ಎತ್ತಿಟ್ಟುಕೊಳ್ಳುತ್ತಿದ್ದರು. ಆ ಬೀಜಕ್ಕೆ ತಂದೆಯಾದುದು ಪೊದ್ದಾರನ ಕಣ್ಣಿಗೆ ಬೀಳದೆ ತಡವಾಗಿ ಹೂ ಬಿಟ್ಟ ಯಾವುದೋ ಒಂದು ಗಂಡು, ಇಲ್ಲವೆ ಕಮೆರಾರಿಯಸನನ್ನು ಪೇಚಿಗೆ ಸಿಕ್ಕಿಸಿದಂತಹ, ಹೆಣ್ಣು ಗಿಡದಲ್ಲಿಯೇ ಅರಳಿದ ಗಂಡು ಹೂವು. ಎರಡನೆಯ ಪಕ್ಷವು ನಿಜವಾದರೆ ಬೀಜದ ತಾಯಿಯೂ ತಂದೆಯೂ ಇಬ್ಬರೂ ಅಂಟು ಹೆಚ್ಚಾಗಿರುವ ಹೆಣ್ಣು ಗಿಡಗಳೇ ಆಗುತ್ತವೆ. ಡಾರ್ವಿನನು ೧೮೫೯ರ ತನ್ನ ಗ್ರಂಥದಲ್ಲಿ ಬುದ್ಧಿಪೂರ್ವಕವಾದ ಆಯ್ಕೆ, ಅರಿವಿಲ್ಲದ ಆಯ್ಕೆ ಎಂದು ಎರಡು ವಿಧಗಳನ್ನು ಹೇಳಿದ್ದಾನೆ. ಬಂಗಾಳದ್ದು ಎರಡನೆಯ ಬಗೆಗೆ ಸೇರಿದುದು. ತಲೆಮಾರುಗಳ ಕಾಲ ಒಂದು ಸೀಮಿತ ಪ್ರದೇಶದಲ್ಲಿ, ಸುಂಕದವರ ಕಾವಲಿನಲ್ಲಿ ನಡೆದ ಇಂತಹ ಆಯ್ಕೆಯು ತಳಿಯ ಮೇಲೆ ತನ್ನ ಗುರುತನ್ನು ಬಿಡದೆ ಇರಲಾರದು. ಇದು ನಮ್ಮ ಅನುಮಾನವೇ ಹೊರತು ದಾಖಲೆಯ ಮಾತಲ್ಲ. ಆದರೆ ಗಿಡದ ಸ್ವಭಾವಕ್ಕೆ ವಿರುದ್ಧವಾದುದೂ ಅಲ್ಲ.

ಬುದ್ಧಿಪೂರ್ವಕವಾದ ಆಯ್ಕೆಯು ನಾರಿನ ಬೆಳೆಯಲ್ಲಿ, ಸರಕಾರಗಳ ಪ್ರಯೋಗಕ್ಷೇತ್ರಗಳಲ್ಲಿ ಪ್ರಾರಂಭವಾಯಿತು. ಅಮೆರಿಕದ ಕೃಷಿ ಇಲಾಖೆಯ ಲಿಸ್ಟರ್ ಡ್ಯೂಯಿ ೧೯೧೨ರ ಸುಮಾರಿಗೆ ಈ ಕೆಲಸವನ್ನು ಕೈಗೊಂಡು, ಚೀನದ ಮೂಲದ ಕೆಂಟಕಿ ತಳಿಯಿಂದ ‘ಕೈಮಿಂಗ್ಟನ್’ ಎಂಬುದನ್ನು ಆರಿಸಿ ತೆಗೆದನು. ಅನಂತರ ಅದನ್ನು ಇಟಲಿಯ ಫೆರಾರಾ ತಳಿಯೊಡನೆ ಕೂಡಿಸಿ ‘ಫೆರಾಮಿಂಗ್ಟನ್’ ಎಂಬ ಸಂಕರ ತಳಿಯನ್ನು ಎಬ್ಬಿಸಿದನು. ಒಂದರ ಎತ್ತರವೂ ಇನ್ನೊಂದರ ಬೀಜದ ಸಮೃದ್ಧಿಯೂ ಒಂದೆಡೆ ಸೇರಬೇಕೆಂಬುದು ಉದ್ದೇಶ. ೧೯೩೩ರಲ್ಲಿ ಕೆಲಸ ನಿಂತಿತು. ೧೯೩೭ರ ಸುಂಕದ ಕಾನೂನು ಬೆಳೆಯನ್ನೇ ಅಡಗಿಸಿತು. ಅವನು ಪ್ರಯೋಗ ನಡೆಸಿದ ಆರ್ಲಿಂಗ್ಟನ್ ಕ್ಷೇತ್ರದ ನೆಲದಲ್ಲಿ ಈಗ ಅಮೆರಿಕದ ಸೇನಾ ಇಲಾಖೆಯ ಪೆಂಟಗನ್ ಕಟ್ಟಡವಿದೆ. ಎರಡನೆಯ ಮಹಾಯುದ್ಧದಲ್ಲಿ ಹಗ್ಗದ ನಾರು ದುರ್ಲಭವಾಗಿ, ೧೯೪೨ರಲ್ಲಿ ಅದೇ ಸರಕಾರವೇ ರೈತರಿಗೆ ಮತ್ತೆ ಭಂಗಿಯನ್ನು ಬೆಳೆಯಿರೆಂದು ಚಲನಚಿತ್ರ ತೆಗೆದು ಬೋಧಿಸಬೇಕಾಯಿತು.

ಗಂಡು ಗಿಡದ ಸಮಸ್ಯೆಯನ್ನು ನೇರವಾಗಿ ಎದುರಿಸಿದವನು ಜರ್ಮನಿಯ ಬ್ರೇಡೆಮನ್. ನಾರು ಎಷ್ಟಿದೆಯೆಂದು ತಿಳಿಯಬೇಕಾದರೆ ಗಿಡವನ್ನು ಕಡಿದು ಕೊಳೆಹಾಕಬೇಕು. ಕಡಿದ ಮೇಲೆ ಅದು ಸಂತಾನಕ್ಕೆ ಒದಗದು. ಕಡಿಯದಿದ್ದರೆ ಗುಣ ತಿಳಿಯುವ ವೇಳೆಗೆ ಅದರ ಪರಾಗವು ಹೊಲವನ್ನೆಲ್ಲ ವ್ಯಾಪಿಸಿರುತ್ತದೆ. ಬ್ರೇಡೆಮನ್ ಕಂಡುಹಿಡಿದ ಉಪಾಯ ಸರಳವೂ ಚಮತ್ಕಾರವೂ ಆದುದು. ಹೂ ಬಿಡುವುದಕ್ಕೆ ಮೊದಲೇ ಗಂಡು ಗಿಡದ ದಂಟನ್ನು ಉದ್ದಕ್ಕೂ ಸೀಳಿ, ಅರ್ಧ ಭಾಗವನ್ನು ಪರೀಕ್ಷೆಗೆ ತೆಗೆದುಕೊಂಡು, ಉಳಿದರ್ಧವನ್ನು ಹೊಲದಲ್ಲಿಯೇ ಬದುಕಗೊಡುವುದು. ನಾರು ಹೆಚ್ಚಾಗಿರುವ ಗಂಡುಗಳನ್ನು ಮಾತ್ರ ಹೂವಾಗಲು ಬಿಟ್ಟು ಮಿಕ್ಕವನ್ನು ಕೀಳುವುದು. ೧೯೨೦ರ ದಶಕದಿಂದ ಸುಮಾರು ಮೂವತ್ತು ವರ್ಷ ನಡೆದ ಈ ಆಯ್ಕೆಯಿಂದ ದಂಟಿನಲ್ಲಿ ನಾರಿನ ಪ್ರಮಾಣವು ಇಮ್ಮಡಿಗೂ ಮಿಗಿಲಾಯಿತು. ಪೊದ್ದಾರನೂ ಬ್ರೇಡೆಮನ್ನನೂ ಮಾಡಿದ ಕೆಲಸದಲ್ಲಿ ಎಷ್ಟೊಂದು ಸಾಮ್ಯವಿದೆಯೆಂಬುದನ್ನು ಓದುಗರು ಗಮನಿಸಬೇಕು. ಇಬ್ಬರೂ ಮೊಗ್ಗು ಅರಳುವುದಕ್ಕೆ ಮುನ್ನ ಹೊಲದಲ್ಲಿ ನಡೆದು ಗಂಡಿನ ಭವಿಷ್ಯವನ್ನು ತೀರ್ಮಾನಿಸಿದರು. ಒಬ್ಬನ ಹೆಸರು ಒಂದು ವೈಜ್ಞಾನಿಕ ಪದ್ಧತಿಗೆ ನಿಂತಿತು. ಇನ್ನೊಬ್ಬನು ಕಸುಬಿನ ಹೆಸರಿನಲ್ಲಿಯೇ ಉಳಿದನು.

ಇನ್ನು ಕೆಲವರು ಗಂಡನ್ನು ಆರಿಸುವುದರ ಬದಲು ಲಿಂಗಭೇದವನ್ನೇ ಅಳಿಸಲು ಯತ್ನಿಸಿದರು. ಗಂಡು ಗಿಡವು ಬೇಗ ಮಾಗಿ ಒಣಗುವುದರಿಂದ ಯಂತ್ರದ ಕೊಯ್ಲಿಗೆ ಅಡಚಣೆಯಾಗುತ್ತಿದ್ದುದೇ ಇದಕ್ಕೆ ಕಾರಣ. ಉಕ್ರೇನಿನ ಹ್ಲೂಖಿವ್‌ನಲ್ಲಿ ೧೯೩೧ರಲ್ಲಿ ಸ್ಥಾಪಿತವಾದ ನಾರುಬೆಳೆಗಳ ಸಂಸ್ಥೆಯಲ್ಲಿ ಗ್ರಿಶ್ಕೋ ಎಂಬಾತನೂ, ಜರ್ಮನಿಯಲ್ಲಿ ಫಾನ್ ಸೆಂಗ್‌ಬುಷ್ ಎಂಬಾತನೂ ಎರಡು ಬಗೆಯ ಹೂಗಳನ್ನೂ ಒಂದೇ ಗಿಡದಲ್ಲಿ ಬಿಡುವ ತಳಿಗಳನ್ನು ರೂಪಿಸಿದರು. ಸೆಂಗ್‌ಬುಷ್‌ನ ತಳಿಯೇ ‘ಫಿಬ್ರಿಮಾನ್’. ಹಂಗರಿಯ ಕೊಂಪೋಲ್ಟ್‌ನಲ್ಲಿ ಫ್ಲೈಷ್‌ಮನ್ ಬೆಳೆಸಿದ ‘ಕೊಂಪೋಲ್ಟಿ’ ತಳಿಯ ಹೆಣ್ಣು ಗಿಡಗಳಿಗೆ ಇವಾನ್ ಬೋಚಾ ಈ ಫಿಬ್ರಿಮಾನ್‌ನ ಪರಾಗವನ್ನು ಕೂಡಿಸಿದಾಗ, ಮೊದಲ ಪೀಳಿಗೆಯ ಗಿಡಗಳು ಬಹುತೇಕ ಎಲ್ಲವೂ ಹೆಣ್ಣಾದವು. ಅವುಗಳಿಂದ ಪಡೆದ ಬೀಜವೇ ೧೯೬೦ರ ದಶಕದಲ್ಲಿ ಬಳಕೆಗೆ ಬಂದ ‘ಯೂನಿಕೋ-ಬಿ’. ಸಂಕರ ತಳಿಯ ಹುರುಪನ್ನು ಭಂಗಿಯಲ್ಲಿ ವ್ಯವಸ್ಥಿತವಾಗಿ ಉಪಯೋಗಿಸಿಕೊಂಡ ಮೊದಲ ನಿದರ್ಶನವಿದು. ನಮ್ಮ ಧಾರವಾಡದಲ್ಲಿ ಡಾ. ಕಟರಕಿಯವರು ೧೯೭೨ರಲ್ಲಿ ‘ವರಲಕ್ಷ್ಮಿ’ ಹತ್ತಿಯನ್ನು ಹೊರತಂದಾಗ, ಬೀಜ ತೆಗೆಯುವುದಕ್ಕಾಗಿ ಪ್ರತಿಯೊಂದು ಹೂವಿನ ಗಂಡು ಭಾಗವನ್ನೂ ಕೈಯಿಂದ ಬಿಡಿಸಬೇಕಾಗಿದ್ದಿತೆಂಬುದನ್ನು ನೆನೆದರೆ, ಹಂಗರಿಯವರ ಉಪಾಯದ ಸೌಲಭ್ಯವು ಮನಸ್ಸಿಗೆ ಬಂದೀತು.

ಅಮಲಿನ ತಳಿಗಳ ಕಡೆಗೆ ತಿರುಗಿದರೆ, ಇತಿಹಾಸಕಾರನಿಗೆ ದಾಖಲೆಯ ಅಭಾವವು ಎದುರಾಗುತ್ತದೆ. ಕಾನೂನಿಗೆ ವಿರುದ್ಧವಾದ ಕೆಲಸವನ್ನು ಯಾರೂ ದಿನಚರಿಯಲ್ಲಿ ಬರೆದಿಡುವುದಿಲ್ಲ. ಆದರೂ ಮುಖ್ಯ ಸಂಗತಿಗಳು ವಿವಾದಾಸ್ಪದವಲ್ಲ. ೧೯೬೦ರ ದಶಕದ ಕೊನೆಯಿಂದ ಕಾಬೂಲಿನ ಮಾರ್ಗವಾಗಿ ಭಾರತಕ್ಕೆ ಬಂದುಹೋಗುತ್ತಿದ್ದ ಪಾಶ್ಚಾತ್ಯ ತರುಣರು ಅಫ್ಘಾನಿಸ್ತಾನದ ಬೀಜವನ್ನು ಕ್ಯಾಲಿಫೋರ್ನಿಯಕ್ಕೆ ಒಯ್ದರು. ಅಲ್ಲಿ ಮೊದಲೇ ಮೆಕ್ಸಿಕೋ, ಕೊಲಂಬಿಯಗಳ ಬೀಜವಿದ್ದಿತು. ಉಷ್ಣವಲಯದ ಗಿಡಗಳು ಎತ್ತರವಾಗಿ ಬೆಳೆದು ಬಹಳ ತಡವಾಗಿ ಹೂ ಬಿಡುವುವು. ಉತ್ತರದ ಚಳಿಗೆ ಮುನ್ನ ಅವು ಮಾಗುವುದಿಲ್ಲ. ಅಫ್ಘನ್ ಗಿಡಗಳಾದರೋ ಗಿಡ್ಡನಾಗಿ, ಪೊದೆಯಾಗಿ ಬೆಳೆದು ಬೇಗ ಹೂವಾಗುತ್ತವೆ. ಇವೆರಡರ ಸಂಕರದಿಂದ ಹುಟ್ಟಿದ ‘ಸ್ಕಂಕ್ ನಂಬರ್ ೧’ ಮುಂತಾದ ತಳಿಗಳು ೧೯೮೦ರ ದಶಕದಲ್ಲಿ ನೆದರ್‌ಲೆಂಡ್ಸ್ ದೇಶವನ್ನು ಸೇರಿ, ಅಲ್ಲಿನ ಬೀಜದ ವ್ಯಾಪಾರಿಗಳ ಮೂಲಕ ಲೋಕದ ನಾನಾ ಭಾಗಗಳಿಗೆ ಹೋದವು. ಹಗಲಿನ ಉದ್ದವನ್ನು ಲೆಕ್ಕಿಸದೆ ವಯಸ್ಸಾದೊಡನೆ ಹೂ ಬಿಡುವ, ರಷ್ಯದ ಯಾನಿಷೆವ್‌ಸ್ಕಿ ೧೯೨೪ರಲ್ಲಿ ‘ರುಡೆರಾಲಿಸ್’ ಎಂದು ವರ್ಣಿಸಿದ ಕಾಡು ಬಗೆಯನ್ನೂ ಕ್ರಮೇಣ ಸಂಕರಕ್ಕೆ ಬಳಸಿಕೊಂಡರು. ಗುಣಗಳನ್ನು ಆರಿಸಿದವನು ರೈತನೋ ಪೊಲೀಸನೋ ಎಂಬ ಸಂಶಯ ಇಲ್ಲಿ ಹುಟ್ಟದೆ ಇರದು. ಗಿಡವು ಗಿಡ್ಡಗಿರಬೇಕು, ಬೇಗ ಮುಗಿಯಬೇಕು, ಕೋಣೆಯೊಳಗೆ ದೀಪದ ಬೆಳಕಿನಲ್ಲಿ ಬೆಳೆಯಬೇಕು, ಸಣ್ಣ ಗಂಟಿನಲ್ಲಿ ಹೆಚ್ಚು ಬೆಲೆ ತರಬೇಕು: ಇವೆಲ್ಲವೂ ಅಡಗಿ ಬೆಳೆಯುವವನ ಅಗತ್ಯಗಳು. ಅಮೆರಿಕದಲ್ಲಿ ವಶಪಡಿಸಿಕೊಂಡ ಮಾಲಿನಲ್ಲಿ ಅಮಲಿನ ಮುಖ್ಯ ದ್ರವ್ಯವು ೧೯೯೫ರಲ್ಲಿ ಸುಮಾರು ಶೇಕಡ ೪ರಷ್ಟಿದ್ದುದು ೨೦೧೪ರಲ್ಲಿ ಶೇಕಡ ೧೨ರಷ್ಟಾಯಿತು.

ಈ ತಳಿಗಳ ವಂಶಾವಳಿಗಳನ್ನು ಹೇಳುವವರು ನಮ್ಮ ಪಾಳೆಯಗಾರರ ಕೈಫಿಯತ್ತುಗಳನ್ನು ನೆನಪಿಗೆ ತರುತ್ತಾರೆ. ಪ್ರತಿಯೊಂದಕ್ಕೂ ಒಬ್ಬ ದೂರದೇಶದ ಮೂಲಪುರುಷನುಂಟು. ‘ಹೇಜ಼್’ ಎಂಬ ಹೆಸರಾಂತ ತಳಿಗೆ ಕೇರಳದ ಗಿಡವೂ ಪೂರ್ವಜವೆಂಬ ಮಾತು ಪ್ರಚಲಿತವಾಗಿದೆ. ಇಂತಹ ಮಾತುಗಳನ್ನು ಎಚ್ಚರದಿಂದಲೇ ಸ್ವೀಕರಿಸಬೇಕು. ೨೦೧೫ರಲ್ಲಿ ೮೧ ಅಮಲಿನ ಮಾದರಿಗಳನ್ನೂ ೪೩ ನಾರಿನ ಮಾದರಿಗಳನ್ನೂ ಪರೀಕ್ಷಿಸಿದವರು, ‘ಸಟೀವ’, ‘ಇಂಡಿಕ’ ಎಂದು ವ್ಯಾಪಾರಿಗಳು ಹಚ್ಚುವ ಹೆಸರುಗಳಿಗೂ ಗಿಡಗಳ ನಿಜವಾದ ವಂಶಕ್ಕೂ ಹೊಂದಿಕೆ ಅಷ್ಟಕ್ಕಷ್ಟೆ ಎಂದು ಕಂಡರು.

ಗಂಡು ಗಿಡದ ಸಮಸ್ಯೆಗೆ ದೊರೆತ ಕೊನೆಯ ಪರಿಹಾರವು ಮತ್ತೆ ಭಾರತದಿಂದ, ಅದರಲ್ಲಿಯೂ ಒಬ್ಬ ಕನ್ನಡಿಗರಿಂದ ಬಂದಿತೆಂಬುದು ನಮ್ಮಲ್ಲಿ ತಕ್ಕಷ್ಟು ಪ್ರಸಿದ್ಧವಾಗಿಲ್ಲ. ದೆಹಲಿ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಎಚ್. ವೈ. ಮೋಹನರಾಮ್ (೧೯೩೦–೨೦೧೮) ವಾಗ್ಗೇಯಕಾರ ಹೊಳೆನರಸೀಪುರದ ಯೋಗಾನರಸಿಂಹಂ ಅವರ ಪುತ್ರರು, ಎಚ್. ವೈ. ಶಾರದಾಪ್ರಸಾದರ ಸೋದರರು. ಸಸ್ಯಗಳಲ್ಲಿ ಲಿಂಗವು ಹೇಗೆ ವ್ಯಕ್ತವಾಗುತ್ತದೆಂಬ ಶುದ್ಧ ಶಾಸ್ತ್ರೀಯ ಪ್ರಶ್ನೆಗೆ ಅವರು ಭಂಗಿಯನ್ನು ಉಪಕರಣವಾಗಿ ಆರಿಸಿಕೊಂಡರು. ಜೈಸ್ವಾಲರೊಡನೆ ೧೯೭೦ರಲ್ಲಿ ಗಂಡು ಗಿಡದಲ್ಲಿ ಹೆಣ್ಣು ಹೂವನ್ನೂ, ೧೯೭೨ರಲ್ಲಿ ಹೆಣ್ಣು ಗಿಡದಲ್ಲಿ ಗಂಡು ಹೂವನ್ನೂ ರಾಸಾಯನಿಕಗಳ ಪ್ರಭಾವದಿಂದ ಅರಳಿಸಿ ತೋರಿಸಿದರು. ೧೯೮೨ರಲ್ಲಿ ಸೇಟ್ ಅವರೊಡನೆ ಪ್ರಕಟಿಸಿದ ಲೇಖನದಲ್ಲಿ, ಬೆಳ್ಳಿಯ ಲವಣಗಳಿಂದ ಹೆಣ್ಣು ಗಿಡದಲ್ಲಿ ಫಲವತ್ತಾದ ಪರಾಗವುಳ್ಳ ಗಂಡು ಹೂಗಳನ್ನು ಪಡೆಯಬಹುದೆಂದು ಸ್ಥಾಪಿಸಿದರು. ಹೆಣ್ಣಿನಿಂದ ಹುಟ್ಟಿದ ಪರಾಗದಲ್ಲಿ ಗಂಡನ್ನು ನಿರ್ಣಯಿಸುವ ವರ್ಣತಂತುವೇ ಇರುವುದಿಲ್ಲ. ಆದುದರಿಂದ ಆ ಪರಾಗದಿಂದ ಕಟ್ಟಿದ ಬೀಜವೆಲ್ಲವೂ ಹೆಣ್ಣು. ರಾಜಶಾಹಿಯ ಕಣದಲ್ಲಿ ಆಕಸ್ಮಿಕವಾಗಿ ನಡೆದಿರಬಹುದೆಂದು ನಾವು ಊಹಿಸಿದ ಕ್ರಿಯೆಯನ್ನು ಇಲ್ಲಿ ಇಚ್ಛಾನುಸಾರ ಮಾಡುವುದು ಸಾಧ್ಯವಾಯಿತು. ೧೯೯೦ರ ದಶಕದ ಕೊನೆಯಿಂದ ಡಚ್ ವ್ಯಾಪಾರಿಗಳು ‘ಹೆಣ್ಣು ಬೀಜ’ವೆಂದು ಹೆಚ್ಚಿನ ಬೆಲೆಗೆ ಮಾರತೊಡಗಿದ ಸರಕಿನ ಹಿಂದಿರುವ ತತ್ತ್ವವು ಇದೇ. ಮುಂದೆ ೨೦೦೩ರಲ್ಲಿ ದೆ ಮೇಯರ್ ಮತ್ತು ಸಂಗಡಿಗರು, ಅಮಲಿನ ದ್ರವ್ಯವು ಪ್ರಧಾನವಾದ ತಳಿಯನ್ನೂ ಅಮಲಿಲ್ಲದ ದ್ರವ್ಯವು ಪ್ರಧಾನವಾದ ತಳಿಯನ್ನೂ ಕೂಡಿಸಿ, ಎರಡನೆಯ ಪೀಳಿಗೆಯಲ್ಲಿ ಗುಣಗಳು ಮೆಂಡೆಲನ ಸೂತ್ರದಂತೆ ೧:೨:೧ರ ಪ್ರಮಾಣದಲ್ಲಿ ಬೇರ್ಪಡುವುದನ್ನು ತೋರಿಸಿದರು. ಅಪಸ್ಮಾರದ ಔಷಧಕ್ಕೆ ಬೇಕಾದ, ಅಮಲಿಲ್ಲದ ತಳಿಗಳ ಸಾಕಣೆಗೆ ಇದು ದಾರಿಯಾಯಿತು.

ಗಂಡನ್ನು ಹೀಗೆ ಪೂರ್ಣವಾಗಿ ಕೈವಶ ಮಾಡಿಕೊಂಡುದರ ಇನ್ನೊಂದು ಮುಖವೂ ಇದೆ. ಹಳೆಯ ಪ್ರದೇಶಗಳ ನಾಟಿ ತಳಿಗಳು ಉಳಿದಿದ್ದುದು ಸಾವಿರಾರು ಗಂಡುಗಳ ಪರಾಗವು ಸ್ವಚ್ಛಂದವಾಗಿ ಬೆರೆಯುತ್ತಿದ್ದುದರಿಂದ. ಮೊರಾಕ್ಕೋದ ರಿಫ್ ಪರ್ವತಗಳಲ್ಲಿ ಹೊರಗಿನಿಂದ ಬಂದ ಸಂಕರ ತಳಿಗಳು, ನೀರು ಕಡಮೆ ಬೇಡುವ ‘ಬೆಲ್ದಿಯ’ ಎಂಬ ಅಲ್ಲಿನ ನಾಟಿ ತಳಿಯನ್ನು ಹಿಂದಕ್ಕೆ ತಳ್ಳಿವೆ. ಗಾಳಿಯಲ್ಲಿ ಹಾರುವ ಪರಾಗಕ್ಕೆ ಬೇಲಿಯಿಲ್ಲವಾದುದರಿಂದ, ನಾಟಿ ತಳಿಯನ್ನೇ ಉಳಿಸಿಕೊಳ್ಳುವೆನೆಂದು ಹಟ ಹಿಡಿದ ರೈತನ ಹೊಲವೂ ಒಂದೆರಡು ಮಳೆಗಾಲಗಳಲ್ಲಿ ಬೆರಕೆಯಾಗುತ್ತದೆ. ನೌಗಾಂವ್‌ನ ರೈತರು ೧೯೧೭ರಲ್ಲಿ ಸ್ಥಾಪಿಸಿಕೊಂಡ ಸಹಕಾರ ಸಂಘವು ಬಹುಕಾಲ ನಡೆಯಿತಾದರೂ, ೧೯೮೦ರ ದಶಕದಲ್ಲಿ ಅಲ್ಲಿಯ ಬೇಸಾಯವು ನಿಂತುಹೋಯಿತು. ಭಾರತದಲ್ಲಿ ೧೯೮೫ರ ಮಾದಕದ್ರವ್ಯ ಕಾಯಿದೆಯು ಗಾಂಜಾವನ್ನು ನಿಷೇಧಿಸಿತು. ೨೦೧೮ರಲ್ಲಿ ಉತ್ತರಾಖಂಡವು ನಾರಿಗಾಗಿ ಬೆಳೆಯಲು ಪರವಾನಗಿ ಕೊಟ್ಟಾಗ ಅಮಲಿನ ದ್ರವ್ಯವು ಶೇಕಡ ೦.೩ನ್ನು ಮೀರಬಾರದೆಂಬ ಷರತ್ತು ಬಂದಿತು. ಕೆನಡದ ಅರ್ನೆಸ್ಟ್ ಸ್ಮಾಲ್ ಮತ್ತು ಅಮೆರಿಕದ ಕ್ರಾಂಕ್ವಿಸ್ಟ್ ೧೯೭೬ರಲ್ಲಿ ಒಳಜಾತಿಗಳ ವರ್ಗೀಕರಣದ ಅನುಕೂಲಕ್ಕಾಗಿ ಎಳೆದ ಗೆರೆ ಅದು. ಹಿಮಾಲಯದ ನಾಟಿ ಭಂಗಿಗೆ ಈ ಗೆರೆಯೊಳಗೆ ನಿಲ್ಲುವುದು ಸುಲಭವಲ್ಲ.

ಕನ್ನಡನಾಡಿನಲ್ಲಿ ಭಂಗಿಯನ್ನು ಯಾರು, ಹೇಗೆ ಬೆಳೆಯುತ್ತಿದ್ದರು, ಗಂಡು ಗಿಡವನ್ನು ಕೀಳುವ ಪದ್ಧತಿ ಇಲ್ಲಿ ಇದ್ದಿತೆ ಎಂಬುದನ್ನು ವಿಚಾರಿಸಬಯಸುವ ವಿದ್ಯಾರ್ಥಿಗಳಿಗೆ ಸಾಮಗ್ರಿಯಿಲ್ಲವೆಂದಲ್ಲ. ೧೮೯೪ರ ಆಯೋಗದ ಆರನೆಯ ಸಂಪುಟದಲ್ಲಿ, ಬಳ್ಳಾರಿ, ದಕ್ಷಿಣ ಕನ್ನಡಗಳನ್ನು ಒಳಗೊಂಡಿದ್ದ ಮದರಾಸ್ ಪ್ರಾಂತ್ಯದ ಸಾಕ್ಷಿಗಳ ಹೇಳಿಕೆಗಳಿವೆ. ಏಳನೆಯದರಲ್ಲಿ, ಧಾರವಾಡ, ಬೆಳಗಾವಿ, ವಿಜಾಪುರಗಳನ್ನು ಒಳಗೊಂಡಿದ್ದ ಮುಂಬಯಿ ಪ್ರಾಂತ್ಯದ ಹಾಗೂ ಕೊಡಗಿನ ಹೇಳಿಕೆಗಳಿವೆ. ಬಂಗಾಳದ ಸಂಪುಟವನ್ನು ಓದಿದಂತೆ ಇವನ್ನೂ ಹೊಲದ ದೃಷ್ಟಿಯಿಂದ, ಪುಟಪುಟವಾಗಿ, ಜಿಲ್ಲೆಗಳ ಅಬಕಾರಿ ಕಾಗದಪತ್ರಗಳೊಡನೆ ಹೋಲಿಸಿ ಓದಬೇಕಾಗಿದೆ.